ಕಾರಿನ ಟೈಮಿಂಗ್ ಬೆಲ್ಟ್: ಸವೆತದ ಗುರುತು ಮತ್ತು ಬದಲಾವಣೆಯ ಕ್ರಮ



ಪಂಪ್‌ಸೆಟ್ಟಿನ ಬೆಲ್ಟು ಸಡಿಲವಾದರೆ ಅದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಕಿರುಚುತ್ತದೆ, ಜಾರುತ್ತದೆ, ಸುಟ್ಟ ರಬ್ಬರಿನ ವಾಸನೆ ಬರುತ್ತದೆ, ಕಾಲುವೆಯಲ್ಲಿ ನೀರು ತಗ್ಗುತ್ತದೆ. 1926ರಲ್ಲಿ ಪಿ.ಎಸ್.ಜಿ. ಧರ್ಮಸಂಸ್ಥೆಯೂ 1951ರಲ್ಲಿ ಅದರ ತಾಂತ್ರಿಕ ಕಾಲೇಜೂ ಆರಂಭವಾದ ನಮ್ಮ ಪೀಳಮೇಡಿನ ಸುತ್ತ, ಪಂಪು ಮೋಟಾರುಗಳ ನಡುವೆಯೇ ಬೆಳೆದವರಿಗಂತೂ ಇದು ಮನೆಯ ಮಾತು. ಆದರೆ ಈ ಅನುಭವವನ್ನು ಕಾರಿನ ಟೈಮಿಂಗ್ ಬೆಲ್ಟಿಗೂ ಅನ್ವಯಿಸಿ, ಸದ್ದು ಬಂದಾಗ ನೋಡಿಕೊಂಡರಾಯಿತು ಎಂದು ಕುಳಿತರೆ ಎಂಜಿನ್ನೇ ಹಾಳಾಗಬಹುದು. ಈ ಬೆಲ್ಟಿಗೆ ಹಲ್ಲುಗಳಿವೆ. ಅದು ಜಾರುವುದಿಲ್ಲ, ಆದ್ದರಿಂದ ಸಾಮಾನ್ಯವಾಗಿ ಕಿರುಚುವುದೂ ಇಲ್ಲ. ಒಂದು ದಿನ ಸದ್ದಿಲ್ಲದೆ ಹರಿದು ಹೋಗುತ್ತದೆ.

ಇದರ ಕೆಲಸವನ್ನು ಮೊದಲು ತಿಳಿಯೋಣ. ಎಂಜಿನ್ನಿನ ಕೆಳಗಿನ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದಾಗ ಮೇಲಿನ ಕ್ಯಾಮ್ ಶಾಫ್ಟ್ ಒಂದೇ ಸುತ್ತು ತಿರುಗಬೇಕು. ಆಗ ಮಾತ್ರ ಗಾಳಿ ಒಳಬರುವ ಮತ್ತು ಹೊಗೆ ಹೊರಹೋಗುವ ವಾಲ್ವ್‌ಗಳು ಪಿಸ್ಟನ್ನಿನ ಏರಿಳಿತಕ್ಕೆ ಸರಿಯಾಗಿ ತೆರೆದು ಮುಚ್ಚುತ್ತವೆ. ಈ ಲೆಕ್ಕವನ್ನು ಕಾಯುವುದೇ ಟೈಮಿಂಗ್ ಬೆಲ್ಟ್. ಹಲ್ಲಿನ ಬೆಲ್ಟು 1940ರ ದಶಕದಲ್ಲಿ ಅಮೆರಿಕದಲ್ಲಿ ಹೊಲಿಗೆ ಯಂತ್ರಕ್ಕೆಂದು ಹುಟ್ಟಿದ್ದು. 1962ರಲ್ಲಿ ಜರ್ಮನಿಯ ಗ್ಲಾಸ್ 1004 ಕಾರಿಗೆ ಬಂದಿತು. ನಮ್ಮಲ್ಲಿ ಹಳೆಯ ಅಂಬಾಸಿಡರ್ ಮತ್ತು ಪದ್ಮಿನಿಗಳಲ್ಲಿ ಚೈನು ಇತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಬೆಲ್ಟು ನಮ್ಮ ಹಳ್ಳಿಗಳಿಗೂ ಬಂದಿತು. ಮೊದಲಿನ ಸ್ಯಾಂಟ್ರೊ, ಇಂಡಿಕಾದ ಹಳೆಯ ಡೀಸೆಲ್ ಇವೆಲ್ಲ ಬೆಲ್ಟಿನವೇ. ಸ್ವಿಫ್ಟ್ ಡೀಸೆಲ್‌ನಲ್ಲಿ ಚೈನು ಇದೆ. ನಿಮ್ಮ ಕಾರು ಯಾವ ಬಗೆಯದೆಂಬುದನ್ನು ಅದರ ಕೈಪಿಡಿಯಲ್ಲಿ ನೋಡಿ.

ಈಗ ಸವೆತದ ಗುರುತುಗಳು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಬೆಲ್ಟಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ತೆಗೆಯಿರಿ. ಟಾರ್ಚು ಹಿಡಿದು ನೋಡಿದಾಗ ಬೆಲ್ಟಿನ ಬೆನ್ನಿನ ಮೇಲೆ ಅಡ್ಡ ಬಿರುಕುಗಳು, ಗಾಜಿನಂತೆ ಹೊಳಪು, ಅಂಚಿನಲ್ಲಿ ನೂಲು ಎದ್ದಿರುವುದು, ಹಲ್ಲಿನ ಬುಡದಲ್ಲಿ ಸೀಳು ಕಂಡರೆ ಅದರ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು. ಎಣ್ಣೆ ತಗುಲಿ ಬೆಲ್ಟು ಉಬ್ಬಿದ್ದರೆ ಬೆಲ್ಟನ್ನು ಬದಲಿಸಿದರೆ ಮಾತ್ರ ಸಾಲದು, ಸೋರುವ ಆಯಿಲ್ ಸೀಲನ್ನೂ ಬದಲಿಸಬೇಕು. ಇಲ್ಲವಾದರೆ ಹೊಸದಕ್ಕೂ ಅದೇ ಗತಿ. ಕಾರನ್ನು ತೋಟದ ಕೊಟ್ಟಿಗೆಯಲ್ಲಿ ನಿಲ್ಲಿಸುವವರು ಇಲಿ ಕಡಿದಿದೆಯೇ ಎಂದೂ ನೋಡುವುದು ಒಳ್ಳೆಯದು.

ಆದರೂ ಕಣ್ಣನ್ನು ಪೂರ್ತಿ ನಂಬುವಂತಿಲ್ಲ. ಈಗಿನ ಬೆಲ್ಟುಗಳ ರಬ್ಬರು ಉತ್ತಮ ಜಾತಿಯದು. ಒಳಗಿನ ಗಾಜಿನ ನಾರು ದಣಿದಿದ್ದರೂ ಹೊರಗೆ ಬಿರುಕು ಕಾಣದೆ ಇರಬಹುದು. ಆದ್ದರಿಂದ ಕಿಲೋಮೀಟರು ಮತ್ತು ವರ್ಷ ಇವೆರಡೇ ನಿಜವಾದ ಅಳತೆ. ಅನೇಕ ಕಾರುಗಳಿಗೆ ಈ ಅವಧಿ 60,000ದಿಂದ 1,00,000 ಕಿ.ಮೀ. ನಡುವೆ ಇರುತ್ತದೆ, ನಿಮ್ಮದಕ್ಕೆ ಕೈಪಿಡಿ ಹೇಳಿದ್ದೇ ಪ್ರಮಾಣ. ಕಡಿಮೆ ಓಡಿದರೂ ರಬ್ಬರಿಗೆ ವಯಸ್ಸಾಗುತ್ತದೆ. ಕಾರು ಹಳೆಯದನ್ನು ಕೊಂಡಿದ್ದು, ಬೆಲ್ಟು ಬದಲಿಸಿದ ಚೀಟಿ ಇಲ್ಲದಿದ್ದರೆ, ಮಾರಿದವರ ಬಾಯಿಮಾತು ಕೇಳದೆ ಬದಲಿಸಿಬಿಡಿ.

ಬದಲಿಸುವ ಕೆಲಸವನ್ನು ಅನುಭವವುಳ್ಳ ಮೆಕ್ಯಾನಿಕ್ಕಿಗೆ ಒಪ್ಪಿಸುವುದೇ ಕ್ಷೇಮ. ಆದರೆ ಪಕ್ಕದಲ್ಲಿ ನಿಂತು ನೋಡಲು ನಿಮಗೆ ಕ್ರಮ ತಿಳಿದಿರಲಿ. ಮೊದಲನೆಯ ಸಿಲಿಂಡರಿನ ಪಿಸ್ಟನ್ನನ್ನು ಮೇಲಿನ ತುದಿಗೆ ತಂದು, ಕ್ರ್ಯಾಂಕ್ ಮತ್ತು ಕ್ಯಾಮ್ ಪುಲ್ಲಿಗಳ ಗುರುತುಗಳನ್ನು ಹೊಂದಿಸಿದ ಮೇಲೆಯೇ ಟೆನ್ಷನರ್ ಸಡಿಲಿಸಿ ಹಳೆಯ ಬೆಲ್ಟು ತೆಗೆಯಬೇಕು. ಹೊಸ ಬೆಲ್ಟನ್ನು ಮಡಿಸಬಾರದು, ತಿರುಚಬಾರದು, ಸ್ಕ್ರೂಡ್ರೈವರ್‌ನಿಂದ ಮೀಟಿ ಏರಿಸಬಾರದು. ಪಂಪಿನ ಪಟ್ಟಿಗೆ ರಾಳ ಹಚ್ಚುವ ಅಭ್ಯಾಸ ಇಲ್ಲಿ ಸಲ್ಲದು. ಎಣ್ಣೆ, ಪೆಟ್ರೋಲು, ಗ್ರೀಸು ಯಾವುದೂ ತಾಕಬಾರದು. ಟೆನ್ಷನರ್ ಬೇರಿಂಗನ್ನೂ ಜೊತೆಗೇ ಹೊಸದಾಗಿ ಹಾಕಿಸಿ. ಅದು ಸಿಕ್ಕಿಕೊಂಡರೆ ಹೊಸ ಬೆಲ್ಟು ಹರಿಯಲು ಹೆಚ್ಚು ದಿನ ಬೇಕಾಗಿಲ್ಲ. ನೀರಿನ ಪಂಪು ಇದೇ ಬೆಲ್ಟಿನಿಂದ ತಿರುಗುವ ಕಾರುಗಳಲ್ಲಿ ಅದನ್ನೂ ಆಗಲೇ ನೋಡಿಸಬೇಕು.

ಬಿಗಿ ಮಾಡಿದ ಬಳಿಕ ಸ್ಟಾರ್ಟರ್ ಮುಟ್ಟುವ ಮೊದಲು, ಎಂಜಿನ್ ತಿರುಗುವ ದಿಕ್ಕಿನಲ್ಲೇ ಕ್ರ್ಯಾಂಕನ್ನು ಸ್ಪ್ಯಾನರಿನಿಂದ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡುತ್ತವೆಯೇ ನೋಡಬೇಕು. ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಿ ಮೊದಲಿನಿಂದ ಹೊಂದಿಸಬೇಕು. ಅವಸರದ ಮೆಕ್ಯಾನಿಕ್ಕುಗಳು ಬಿಟ್ಟುಬಿಡುವ ಹಂತ ಇದೇ. ಒಂದು ಹಲ್ಲು ತಪ್ಪಿದರೂ ಕಾರು ಎಳೆಯುವ ಶಕ್ತಿ ಕಳೆದುಕೊಳ್ಳುತ್ತದೆ.

ದಾರಿಯಲ್ಲಿ ಎಂಜಿನ್ ಒಮ್ಮೆಗೇ ನಿಂತು, ಸ್ಟಾರ್ಟ್ ಮಾಡಿದಾಗ ಎಂದಿಗಿಂತ ಹಗುರವಾಗಿ, ವೇಗವಾಗಿ ತಿರುಗಿದರೆ ಬೆಲ್ಟು ಹರಿದಿರುವ ಸಂಭವವುಂಟು. ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ, ತಳ್ಳಿಸಿ ಗೇರು ಹಾಕಲೂಬೇಡಿ. ಅನೇಕ ಎಂಜಿನ್ನುಗಳಲ್ಲಿ, ಡೀಸೆಲ್ಲಿನಲ್ಲಿ ಬಹುಮಟ್ಟಿಗೆ, ತೆರೆದು ನಿಂತ ವಾಲ್ವಿಗೆ ಪಿಸ್ಟನ್ ಬಡಿಯುತ್ತದೆ. ವಾಲ್ವು ಬಾಗುತ್ತದೆ, ಹೆಡ್ ಬಿಚ್ಚಬೇಕಾಗುತ್ತದೆ. ಆಗಿನ ಖರ್ಚು ಬೆಲ್ಟಿನ ಬೆಲೆಯ ಹಲವು ಪಟ್ಟು. ಕಾರನ್ನು ಬೇರೊಂದು ವಾಹನಕ್ಕೆ ಕಟ್ಟಿ ನ್ಯೂಟ್ರಲ್‌ನಲ್ಲಿ ಎಳೆಸಿಕೊಂಡು ಹೋಗಿ.

ಕೆಲಸ ಮುಗಿದ ದಿನ ಹಳೆಯ ಬೆಲ್ಟನ್ನು ಕೇಳಿ ಪಡೆಯಿರಿ. ಅಂದಿನ ತಾರೀಖು ಮತ್ತು ಕಿಲೋಮೀಟರನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಮೈಗೆ ಅಂಟಿಸಿ; ಕಬ್ಬಿನ ನಾಟಿಯ ತಾರೀಖು ಬರೆದಿಡುವ ಪುಸ್ತಕದಲ್ಲಿಯೂ ಒಂದು ಸಾಲು ಬರೆದಿಡಿ.