ಇಂಗಾಲದ ಅಲಗು

ಮಣ್ಣಿನ ಗೋಡೆ ಕಟ್ಟುವವರು ಕೆಸರಿಗೆ ಹುಲ್ಲನ್ನು ಬೆರೆಸಿ ತುಳಿಯುವುದುಂಟು. ಬರಿಯ ಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ. ಬರಿಯ ಹುಲ್ಲು ನಿಲ್ಲುವುದೇ ಇಲ್ಲ. ಎರಡೂ ಕೂಡಿದಾಗ ಎರಡರಲ್ಲಿಯೂ ಇಲ್ಲದ ಒಂದು ಗುಣ ಹುಟ್ಟುತ್ತದೆ. ಹೀಗೆ ಎಳೆಗಳನ್ನು ಅಂಟಿನಂತಹ ಮತ್ತೊಂದು ಪದಾರ್ಥದಲ್ಲಿ ಹುದುಗಿಸಿ ಮಾಡಿದ ವಸ್ತುವಿಗೆ ಕೈಗಾರಿಕೆಯಲ್ಲಿ ‘ಕಾಂಪೊಸಿಟ್’, ಎಂದರೆ ಸಂಮಿಶ್ರ ವಸ್ತು, ಎಂದು ಹೆಸರು. ವಿಮಾನ ನಿರ್ಮಾಣದಲ್ಲಿ ಅದಕ್ಕಿರುವ ಇಂದಿನ ಸ್ಥಾನ ಸುಲಭವಾಗಿ ದೊರೆತುದಲ್ಲ. ಬ್ರಿಟನ್ನಿನ ಒಂದು ಹೆಸರಾಂತ ಕಂಪನಿಯು ಅದಕ್ಕಾಗಿ ಭಾರಿ ಬೆಲೆಯನ್ನು ತೆರಬೇಕಾಯಿತು.

1960ರ ದಶಕದ ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನ ಫಾರ್ನ್‌ಬರೊದಲ್ಲಿದ್ದ ಸರ್ಕಾರಿ ವಿಮಾನ ಸಂಶೋಧನಾಲಯದಲ್ಲಿ ವಿಲಿಯಂ ವ್ಯಾಟ್ ಮತ್ತು ಅವರ ಸಂಗಡಿಗರು ಬಲವಾದ ಇಂಗಾಲದ ಎಳೆಯನ್ನು ತಯಾರಿಸುವ ಕ್ರಮವೊಂದನ್ನು ಕಂಡುಹಿಡಿದರು. ಜಪಾನಿನ ಅಕಿಯೊ ಶಿಂಡೊ ಎಂಬವರು ಅದಕ್ಕೂ ಮುಂಚೆ ಅದೇ ದಾರಿಯಲ್ಲಿ ನಡೆದಿದ್ದರು. ಬಟ್ಟೆ ನೇಯಲು ಬಳಸುವ ಅಕ್ರಿಲಿಕ್ ಜಾತಿಯ ಎಳೆಯನ್ನು ಮೊದಲು ಗಾಳಿಯಲ್ಲಿ ಸುಮಾರು 200ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಆಗ ಅದು ಕುಗ್ಗಲು ಹವಣಿಸುತ್ತದೆ. ಕುಗ್ಗದಂತೆ ಬಿಗಿಹಿಡಿಯಬೇಕೆಂಬುದೇ ಫಾರ್ನ್‌ಬರೊದವರು ಅರಿತ ಗುಟ್ಟು. ಬಳಿಕ ಆಮ್ಲಜನಕವಿಲ್ಲದ ಕುಲುಮೆಯಲ್ಲಿ 1,000 ಡಿಗ್ರಿಗೂ ಮೀರಿ ಕಾಯಿಸಿದರೆ ಇಂಗಾಲವಷ್ಟೇ ಉಳಿದು, ತಲೆಗೂದಲಿನ ಹತ್ತನೆಯ ಒಂದು ಪಾಲಿನಷ್ಟು ತೆಳುವಾದ ಕಪ್ಪು ಎಳೆ ದೊರೆಯುತ್ತದೆ. ಇಂತಹ ಎಳೆಗಳನ್ನು ರಾಳದಲ್ಲಿ ಹುದುಗಿಸಿದ ವಸ್ತುವಿನ ಸಾಂದ್ರತೆ ನೀರಿನ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಟೈಟೇನಿಯಂ ಲೋಹದ್ದು ನಾಲ್ಕೂವರೆ ಪಟ್ಟು. ಉಕ್ಕಿನದು ಎಂಟು ಪಟ್ಟಿಗೆ ಸಮೀಪ.

ಈ ಎಳೆಯ ಮೇಲೆ ಅಪಾರ ಭರವಸೆಯಿಟ್ಟ ಸಂಸ್ಥೆಗಳಲ್ಲಿ ರೋಲ್ಸ್-ರಾಯ್ಸ್ ಕಂಪನಿಯೂ ಒಂದು. ಕಾರುಗಳಿಂದ ಲೋಕಪ್ರಸಿದ್ಧವಾಗಿದ್ದರೂ ಡರ್ಬಿ ನಗರದ ಈ ಕಂಪನಿಯ ಮುಖ್ಯ ಉದ್ಯಮ ವಿಮಾನದ ಎಂಜಿನ್ನುಗಳೇ ಆಗಿದ್ದಿತು. 1968ರಲ್ಲಿ ಅಮೆರಿಕದ ಲಾಕ್‌ಹೀಡ್ ಕಂಪನಿಯು ತನ್ನ ಟ್ರೈಸ್ಟಾರ್ ವಿಮಾನಕ್ಕೆ ಆರ್‌ಬಿ 211 ಎಂಬ ಹೊಸ ಎಂಜಿನ್ನನ್ನು ಆರಿಸಿಕೊಂಡಿತು. ಅದರ ಮುಂಭಾಗದ ಬೀಸಣಿಗೆ ಎರಡು ಮೀಟರಿಗೂ ಮೀರಿದ ವ್ಯಾಸದ್ದು. ಅದರ ಅಲಗುಗಳನ್ನು ‘ಹೈಫಿಲ್’ ಎಂದು ಹೆಸರಿಟ್ಟ ಇಂಗಾಲದ ಎಳೆಯ ಸಂಮಿಶ್ರ ವಸ್ತುವಿನಿಂದ ಮಾಡಲು ನಿರ್ಧರಿಸಲಾಯಿತು.

ಅಲಗಿನ ತೂಕಕ್ಕೆ ಇಷ್ಟು ಮಹತ್ವವೇಕೆ? ಕವಣೆಯನ್ನು ಬೀಸಿದವರಿಗೆ ಇದು ತಿಳಿದೇ ಇರುತ್ತದೆ. ಕಲ್ಲು ಭಾರವಾದಷ್ಟೂ ಹಗ್ಗ ಕೈಯನ್ನು ಹೆಚ್ಚು ಜಗ್ಗುತ್ತದೆ. ಅತಿವೇಗದಲ್ಲಿ ಸುತ್ತುವ ಅಲಗು ತನ್ನ ಬುಡವನ್ನು ಹಾಗೆಯೇ ಜಗ್ಗುತ್ತದೆ. ಅಲಗು ಹಗುರವಾದರೆ ಅದನ್ನು ಹಿಡಿದಿರುವ ಚಕ್ರವೂ ಹಗುರವಾಗಬಹುದು. ಅಲಗು ಮುರಿದರೆ ಅದನ್ನು ತಡೆಯುವ ಹೊರಗವಚವೂ ಹಗುರವಾಗಬಹುದು. ಎಂಜಿನ್ನನ್ನು ಹೊರುವ ರೆಕ್ಕೆಗೂ ಭಾರ ಕಡಿಮೆಯಾಗುತ್ತದೆ. ಲೆಕ್ಕವೇನೋ ಸರಿಯಾಗಿಯೇ ಇತ್ತು.

ತೊಡಕು ಬೇರೆಡೆಯಲ್ಲಿತ್ತು. ಬಿದಿರನ್ನು ಉದ್ದಕ್ಕೆ ಎಳೆದು ತುಂಡರಿಸುವುದು ಬಹು ಕಷ್ಟ. ತುದಿಗೆ ಮಚ್ಚನ್ನಿಟ್ಟು ಹೊಡೆದರೆ ಸಲೀಸಾಗಿ ಸೀಳುತ್ತದೆ. ಅಂದಿನ ಇಂಗಾಲದ ಅಲಗಿನ ಸ್ವಭಾವವೂ ಹೆಚ್ಚುಕಡಿಮೆ ಇದೇ. ಎಳೆಯ ದಿಕ್ಕಿನಲ್ಲಿ ಅದು ಉಕ್ಕಿಗೂ ಸಾಟಿ. ಪದರ ಪದರಗಳ ನಡುವೆ ಇದ್ದುದು ಬೇಗ ಒಡೆಯುವ ರಾಳ ಮಾತ್ರ. ಹಾರುವ ವಿಮಾನದ ಎಂಜಿನ್ನಿಗೆ ಹಕ್ಕಿಗಳು ಸಿಕ್ಕಿಕೊಳ್ಳುವುದು ಅಪರೂಪವಲ್ಲವಾದುದರಿಂದ, ಸುತ್ತುತ್ತಿರುವ ಬೀಸಣಿಗೆಗೆ ಸತ್ತ ಕೋಳಿಯನ್ನು ಗಾಳಿಯ ತೋಪಿನಿಂದ ಹೊಡೆದು ಪರೀಕ್ಷಿಸುವ ಪದ್ಧತಿಯುಂಟು. ನೋಡುವವರಿಗೆ ನಗೆ ತರಿಸಬಹುದಾದ ಈ ಪರೀಕ್ಷೆಯಲ್ಲಿ, 1970ರಲ್ಲಿ, ಹೈಫಿಲ್ ಅಲಗುಗಳು ಚೂರುಚೂರಾದವು. ಕಂಪನಿಯು ಟೈಟೇನಿಯಂ ಅಲಗುಗಳಿಗೆ ಮರಳದೆ ಗತ್ಯಂತರವಿರಲಿಲ್ಲ.

ಅಷ್ಟರಲ್ಲಿ ಎಂಜಿನ್ನಿನ ಅಭಿವೃದ್ಧಿಯ ವೆಚ್ಚ ಅಂದಾಜಿಗಿಂತ ಸುಮಾರು ಎರಡು ಪಟ್ಟು ಬೆಳೆದು 17 ಕೋಟಿ ಪೌಂಡುಗಳನ್ನು ಮುಟ್ಟಿತ್ತು. ಒಪ್ಪಂದದ ಬೆಲೆಯನ್ನಾದರೋ ಏರಿಸುವಂತಿರಲಿಲ್ಲ. ಆದುದರಿಂದ ತಪ್ಪನ್ನೆಲ್ಲ ಅಲಗಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಪರೀಕ್ಷೆ ಮುಗಿಯುವ ಮೊದಲೇ ಬೆಲೆಯನ್ನು ಕಟ್ಟಿಕೊಟ್ಟವರ ಆತುರವೂ ಅದರಲ್ಲಿ ಸೇರಿತ್ತು. 1971ರ ಫೆಬ್ರವರಿ 4ರಂದು ಕಂಪನಿಯು ದಿವಾಳಿಯೆದ್ದು, ಅದರ ಆಡಳಿತ ರಿಸೀವರ್ ಎಂಬ ಅಧಿಕಾರಿಯ ಕೈ ಸೇರಿತು.

ಕಂಪನಿಯೆಂದರೆ ಕಟ್ಟಡವೂ ಯಂತ್ರವೂ ಮಾತ್ರವಲ್ಲ. ಅದರ ಬಂಡವಾಳವನ್ನು ಷೇರುಗಳೆಂಬ ಸಣ್ಣ ಸಣ್ಣ ಸಮಭಾಗಗಳಾಗಿ ಹಂಚಿ ಮಾರಿರುತ್ತಾರೆ; ಷೇರು ಕೊಂಡವನು ತನ್ನ ಪಾಲಿನ ಮಟ್ಟಿಗೆ ಒಡೆಯ. ಲಾಭ ಬಂದರೆ ಅವನಿಗೆ ಪಾಲುಂಟು. ಕಂಪನಿ ಮುಳುಗಿದರೆ ಮೊದಲ ಹಕ್ಕು ಸಾಲ ಕೊಟ್ಟವರದು. ಎಲ್ಲರಿಗೂ ಸಂದು ಮಿಕ್ಕುದು ಷೇರುದಾರನಿಗೆ. ರೋಲ್ಸ್-ರಾಯ್ಸ್ ಎಂಬ ಹೆಸರನ್ನು ನಂಬಿ ಉಳಿತಾಯವನ್ನು ತೊಡಗಿಸಿದವರಿಗೆ ಅದೊಂದು ಸಿಡಿಲಿನಂತಹ ಸುದ್ದಿ. ಡರ್ಬಿಯ ಕಾರ್ಮಿಕರಿಗಂತೂ ಅನ್ನದ ಪ್ರಶ್ನೆ.

ದೇಶದ ರಕ್ಷಣೆಗೆ ಬೇಕಾದ ಎಂಜಿನ್ನುಗಳೂ ಇಲ್ಲಿಯೇ ತಯಾರಾಗುತ್ತಿದ್ದುದರಿಂದ ಬ್ರಿಟಿಷ್ ಸರ್ಕಾರವು ಎಂಜಿನ್ ವಿಭಾಗವನ್ನು ತಾನೇ ವಹಿಸಿಕೊಂಡಿತು. ನಿವೃತ್ತರಾಗಿದ್ದ ಸ್ಟ್ಯಾನ್ಲಿ ಹೂಕರ್ ಎಂಬ ಎಂಜಿನಿಯರು ಮರಳಿ ಬಂದು ಆರ್‌ಬಿ 211ರ ದೋಷಗಳನ್ನು ತಿದ್ದಿದರು. 1972ರ ಏಪ್ರಿಲಿನಲ್ಲಿ ಟ್ರೈಸ್ಟಾರ್ ಪ್ರಯಾಣಿಕರನ್ನು ಹೊತ್ತು ಹಾರತೊಡಗಿತು. ಹದಿನೈದು ವರ್ಷಗಳ ತರುವಾಯ, 1987ರ ಮೇ ತಿಂಗಳಲ್ಲಿ, ಸರ್ಕಾರವು ಚೇತರಿಸಿಕೊಂಡ ಕಂಪನಿಯ ಷೇರುಗಳನ್ನು ತಲಾ 170 ಪೆನ್ಸ್‌ನಂತೆ ಸಾರ್ವಜನಿಕರಿಗೆ ಮಾರಿತು. ಒಟ್ಟು ಸುಮಾರು 136 ಕೋಟಿ ಪೌಂಡುಗಳು ಬಂದವು.

ಈ ನಡುವೆ ಇಂಗಾಲದ ಎಳೆಯೂ ಮೂಲೆಗುಂಪಾಗಲಿಲ್ಲ. ರಾಳವನ್ನು ಗಟ್ಟಿಮುಟ್ಟಾಗಿಸುವ, ಅಚ್ಚಿನಲ್ಲಿ ದೋಷವಿಲ್ಲದೆ ಎರಕಗೊಳಿಸುವ ವಿದ್ಯೆ ಬೆಳೆಯಿತು. ರಾಳ ಹೀರಿದ ಎಳೆಯ ಹಾಳೆಗಳನ್ನು ಕತ್ತರಿಸಿ, ಒಂದರ ಎಳೆ ಉದ್ದಕ್ಕೆ, ಇನ್ನೊಂದರದು ಓರೆಗೆ ಬರುವಂತೆ ಅಚ್ಚಿನ ಮೇಲೆ ಹಾಸುತ್ತಾರೆ. ಮೇಲೆ ತೆಳುವಾದ ಹೊದಿಕೆ ಮುಚ್ಚಿ ಒಳಗಿನ ಗಾಳಿಯನ್ನು ಹೀರಿ ತೆಗೆಯುತ್ತಾರೆ. ಬಳಿಕ ಆಟೋಕ್ಲೇವ್ ಎಂಬ ಉಕ್ಕಿನ ಕೊಳವೆಯಲ್ಲಿ ಬೇಯಿಸುತ್ತಾರೆ. ಅದು ಅಡುಗೆಮನೆಯ ಪ್ರೆಷರ್ ಕುಕ್ಕರಿನ ಹಿರಿಯಣ್ಣನೆನ್ನಬಹುದು. ಶಾಖದೊಡನೆ ಒತ್ತಡವೂ ಸೇರಿ ಪದರಗಳು ಒಂದೇ ಮೈಯಾಗುತ್ತವೆ. ಒಂದು ಗುಳ್ಳೆ ಉಳಿದರೂ ಬಿರುಕಿಗೆ ಅಲ್ಲಿಯೇ ಬೀಜ.

ಈ ವಿದ್ಯೆ ಬೆಂಗಳೂರಿನಲ್ಲಿಯೂ ನೆಲೆಯೂರಿದೆ. 2001ರ ಜನವರಿ 4ರಂದು ಅಲ್ಲಿಂದ ಮೊದಲ ಸಲ ಹಾರಿದ ಲಘು ಯುದ್ಧವಿಮಾನ, ಮುಂದೆ ‘ತೇಜಸ್’ ಎಂದು ಹೆಸರಾದುದು, ಅದರ ಒಡಲಿನ ತೂಕದಲ್ಲಿ ನೂರಕ್ಕೆ ಸುಮಾರು 45 ಪಾಲು ಇಂತಹ ವಸ್ತುವೇ. ಅದರ ಬಾಲದ ನೆಟ್ಟನೆಯ ರೆಕ್ಕೆಯನ್ನು ರೂಪಿಸಿದವರು ನಗರದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು. ವಿಮಾನವನ್ನು ತಯಾರಿಸುವ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಷೇರುಗಳಲ್ಲಿ ಸುಮಾರು ಹತ್ತನೆಯ ಒಂದು ಪಾಲನ್ನು ಭಾರತ ಸರ್ಕಾರವು 2018ರ ಮಾರ್ಚಿನಲ್ಲಿ ಸಾರ್ವಜನಿಕರಿಗೆ ಮಾರಾಟಕ್ಕಿಟ್ಟಿತು.

ಒಡೆದುಹೋದ ಆ ಬೀಸಣಿಗೆಯ ಅಲಗು ಏನಾಯಿತು? 1995ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜಿಇ 90 ಎಂಜಿನ್ನು ಬೋಯಿಂಗ್ 777 ವಿಮಾನದಲ್ಲಿ ಸೇವೆಗಿಳಿಯಿತು. ಅದರ 22 ಅಲಗುಗಳೂ ಇಂಗಾಲದ ಎಳೆಯವು. ಆದರೆ ಹಕ್ಕಿ ಬಡಿಯುವ ಮುಂಚಿನ ಅಂಚಿಗೆ ಮಾತ್ರ ಟೈಟೇನಿಯಂ ಲೋಹದ ಕಟ್ಟು. ನೇಗಿಲಿನ ಮರಕ್ಕೆ ಕಬ್ಬಿಣದ ಗುಳವನ್ನು ತೊಡಿಸಿದಂತೆ. 2023ರಲ್ಲಿ ರೋಲ್ಸ್-ರಾಯ್ಸ್ ಸಂಸ್ಥೆಯು ತನ್ನ ಅಲ್ಟ್ರಾಫ್ಯಾನ್ ಎಂಬ ಪ್ರಾಯೋಗಿಕ ಎಂಜಿನ್ನನ್ನು ಡರ್ಬಿಯಲ್ಲಿ ಮೊದಲ ಬಾರಿಗೆ ಓಡಿಸಿತು. ಮೂರೂವರೆ ಮೀಟರ್ ವ್ಯಾಸದ ಅದರ ಬೀಸಣಿಗೆಯಲ್ಲಿ ಇದ್ದುವು ಇಂಗಾಲದ ಅಲಗುಗಳೇ, ಟೈಟೇನಿಯಂ ಅಂಚಿನವು.