ಹೋಲಿಕೆಯಿಂದ ಜೀನಿನ ಕಾರ್ಯವನ್ನು ಊಹಿಸುವುದು

ಮಾನವನ ಆನುವಂಶಿಕ ಲಿಪಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಅದರ ಸಂಪೂರ್ಣ ಪಾಠವೊಂದು 2022ರಲ್ಲಿ ಪ್ರಕಟವಾಯಿತು. ಓದಿದ್ದೇನೋ ಆಯಿತು, ಅರ್ಥವಾಯಿತೆ? ಪ್ರೋಟೀನುಗಳನ್ನು ರೂಪಿಸುವ ಸುಮಾರು 20,000 ಜೀನುಗಳ ಕಾರ್ಯವನ್ನು ಪ್ರಯೋಗಶಾಲೆಯಲ್ಲಿ ಒಂದೊಂದಾಗಿ ನಿಷ್ಕರ್ಷಿಸಹೊರಟರೆ ಎಷ್ಟು ಆಯುಷ್ಯಗಳು ಸಾಕಾದಾವು? ಆದುದರಿಂದ ವಿಜ್ಞಾನಿಗಳು ಶಾಸನ ಓದುವವರ ಹಾದಿಯನ್ನೇ ಹಿಡಿದಿದ್ದಾರೆ. ಅರ್ಥವಾಗದ ಸಾಲು ಎದುರಾದಾಗ, ಅಂಥದೇ ಸಾಲು ಬೇರೆಲ್ಲಿ ಬಂದಿದೆಯೆಂದು ಹುಡುಕುವುದು.

ಹುಡುಕಲು ಸಂಗ್ರಹ ಬೇಕು. ಅಮೆರಿಕದ ಮಾರ್ಗರೆಟ್ ಡೇಹಾಫ್ ಎಂಬ ವಿದುಷಿ ಮತ್ತು ಅವರ ಸಂಗಡಿಗರು 1965ರಲ್ಲಿ 65 ಪ್ರೋಟೀನುಗಳ ಅಮೈನೊ ಆಮ್ಲ ಶ್ರೇಣಿಗಳನ್ನು ಗ್ರಂಥರೂಪದಲ್ಲಿ ಹೊರತಂದರು. 1982ರಲ್ಲಿ ಜೆನ್‌ಬ್ಯಾಂಕ್ ಎಂಬ ಡಿಎನ್‌ಎ ಸಂಗ್ರಹವೂ 1986ರಲ್ಲಿ ಸ್ವಿಸ್-ಪ್ರಾಟ್ ಎಂಬ ಪ್ರೋಟೀನು ಸಂಗ್ರಹವೂ ಆರಂಭವಾದುವು. ಎರಡನೆಯದರ ವೈಶಿಷ್ಟ್ಯವೆಂದರೆ ತಜ್ಞರು ಬರೆದ ಟಿಪ್ಪಣಿಗಳು: ಪ್ರೋಟೀನಿನ ಕಾರ್ಯವೇನು, ಜೀವಕೋಶದಲ್ಲಿ ಅದರ ನೆಲೆಯೆಲ್ಲಿ ಎಂಬ ವಿವರಗಳು.

ಈ ವಿಧಾನದ ಶಕ್ತಿ 1983ರಲ್ಲಿಯೇ ಪ್ರಕಟವಾಯಿತು. ಕೋತಿಯೊಂದರ ಗಂತಿಯಲ್ಲಿ ದೊರೆತ ವೈರಸ್ಸಿನಲ್ಲಿ 'ಸಿಸ್' ಎಂಬ ಜೀನಿತ್ತು. ಅದು ಏಡಿಗಂತಿಯನ್ನು, ಎಂದರೆ ಕ್ಯಾನ್ಸರನ್ನು, ಉಂಟುಮಾಡುವುದೆಂದು ಗೊತ್ತಿತ್ತು, ಹೇಗೆಂಬುದು ಗೊತ್ತಿರಲಿಲ್ಲ. ರಸೆಲ್ ಡೂಲಿಟಲ್ ಮತ್ತು ಅವರ ಸಂಗಡಿಗರು ಅದರ ಶ್ರೇಣಿಯನ್ನು ರಕ್ತದ ಕಿರುಬಿಲ್ಲೆಗಳಲ್ಲಿರುವ ವೃದ್ಧಿಕಾರಕ ಪ್ರೋಟೀನೊಂದರ ಶ್ರೇಣಿಯೊಡನೆ ಹೋಲಿಸಿ ನೋಡಿದರು. ಎರಡೂ ಬಹುಮಟ್ಟಿಗೆ ಒಂದೇ! ಲಂಡನ್ನಿನ ಇನ್ನೊಂದು ತಂಡಕ್ಕೂ ಅದೇ ವರ್ಷ ಇದೇ ಫಲ ದೊರೆಯಿತು. ಈ ಪ್ರೋಟೀನು ಗಾಯವಾದಾಗ ಜೀವಕೋಶಗಳಿಗೆ 'ವಿಭಜಿಸಿರಿ' ಎಂದು ಸೂಚಿಸುವಂಥದು. ವೈರಸ್ಸು ಅದರ ಜೀನನ್ನೇ ಅಪಹರಿಸಿ, ಗಾಯವಿಲ್ಲದಲ್ಲಿಯೂ ಆ ಸೂಚನೆಯನ್ನು ಹೊರಡಿಸುತ್ತಿತ್ತು.

ಆದರೆ ಎಲ್ಲ ಹೋಲಿಕೆಯೂ ಬಾಂಧವ್ಯವಲ್ಲ. ಅಮೈನೊ ಆಮ್ಲಗಳು 20 ಬಗೆ. ಮೂರರ ಸರಣಿಗಳು 20×20×20, ಎಂದರೆ ಕೇವಲ 8,000. ಆದುದರಿಂದ ಲಕ್ಷಗಟ್ಟಲೆ ಪ್ರೋಟೀನುಗಳ ಸಂಗ್ರಹದಲ್ಲಿ ಯಾವುದೇ ಮೂರರ ಸರಣಿಯೂ ಆಕಸ್ಮಿಕವಾಗಿಯೇ ಹಲವೆಡೆ ಸಿಕ್ಕೀತು. ಸಂಗ್ರಹ ಬೆಳೆದಷ್ಟೂ ಇಂಥ ಹುಸಿ ಹೋಲಿಕೆಗಳೂ ಬೆಳೆಯುತ್ತವೆ. ಆಕಸ್ಮಿಕವಾಗಿ ಇಂಥವು ಎಷ್ಟು ಸಿಕ್ಕಬಹುದಾಗಿತ್ತೆಂಬುದನ್ನೂ ಗಣಕಯಂತ್ರ ಲೆಕ್ಕಹಾಕಿ ತಿಳಿಸಬೇಕಾಗುತ್ತದೆ.

ನಿಜವಾದ ಬಾಂಧವ್ಯವೂ ಒಮ್ಮೊಮ್ಮೆ ನಮ್ಮನ್ನು ದಾರಿತಪ್ಪಿಸುತ್ತದೆ. ಬಾತುಕೋಳಿಯ ಕಣ್ಣಿನ ಮಸೂರದಲ್ಲಿರುವ ಒಂದು ಪ್ರೋಟೀನು ಲ್ಯಾಕ್ಟೇಟ್ ಡಿಹೈಡ್ರಾಜಿನೇಸ್ ಎಂಬ ಕಿಣ್ವವೇ ಎಂದು 1987ರಲ್ಲಿ ತಿಳಿದುಬಂತು. ಬೇರೆಡೆ ರಾಸಾಯನಿಕ ಕ್ರಿಯೆಯನ್ನು ನಡೆಸುವ ವಸ್ತು ಇಲ್ಲಿ ಪಾರದರ್ಶಕ ಮಸೂರದ ಸಾಮಗ್ರಿ. ಶ್ರೇಣಿಯೊಂದನ್ನೇ ನೋಡಿದವರಿಗೆ ಇದು ಹೊಳೆಯುವುದೆಂತು?

ನಮಗೆ ಇದಕ್ಕಿಂತ ಭಯಂಕರವಾಗಿ ತೋರುವುದು ನಕಲಿನ ದೋಷ. ಒಂದು ಜೀನಿಗೆ ತಪ್ಪು ಟಿಪ್ಪಣಿ ಬಿದ್ದರೆ, ಅದನ್ನು ಹೋಲುವ ಎರಡನೆಯದಕ್ಕೂ, ಎರಡನೆಯದನ್ನು ಹೋಲುವ ಮೂರನೆಯದಕ್ಕೂ ಅದೇ ಇಳಿದುಬರುತ್ತದೆ. ಮೊದಲಿನ ತಪ್ಪನ್ನು ತಿದ್ದಿದರೂ ಉಳಿದವು ಹಾಗೆಯೇ ನಿಲ್ಲಬಹುದು. ಇದನ್ನು ತಡೆಯಲು ಉತ್ತಮ ಸಂಗ್ರಹಗಳು ಪ್ರತಿ ಟಿಪ್ಪಣಿಯೊಡನೆ ಅದರ ಆಧಾರವನ್ನೂ ನಮೂದಿಸುತ್ತವೆ: ಇದು ಪ್ರಯೋಗದಿಂದ ಕಂಡದ್ದು, ಇದು ಹೋಲಿಕೆಯಿಂದ ಊಹಿಸಿದ್ದು ಎಂದು.