ಮುತ್ತಜ್ಜನ ಕೋವಿಗೆ ಹೊಸ ಹೊಳಪು ಬೇಡ

ಮಗಾ, ಐನ್‌ಮನೆಯ ಪೆಟ್ಟಿಗೆಯೊಳಗಿದ್ದ ಮುತ್ತಜ್ಜನ ಒಂಟಿ ನಳಿಗೆಯ ಮಾರ್ಟಿನಿ ರೈಫಲ್ ನಿನ್ನ ಪಾಲಿಗೆ ಬಂತು, ಅದನ್ನು ಸರಿಮಾಡಿಸಿ ಮುಂದಿನ ಕೈಲ್‌ಪೊಳ್ದ್‌ಗೆ ಆಯುಧಪೂಜೆಗೆ ಇಡಬೇಕು ಎಂದು ಬರೆದಿದ್ದೀಯ. ಓದಿ ಮನಸ್ಸು ತುಂಬಿತು. ಎಷ್ಟೋ ಮನೆಗಳಲ್ಲಿ ಇಂಥ ಕೋವಿಗಳು ತುಕ್ಕು ಹಿಡಿದು ಗುಜರಿಯಂತಾಗಿವೆ. ನಿನಗೆ ಆಸೆ ಇದೆ, ಕೈಯಲ್ಲಿ ಸ್ವಲ್ಪ ದುಡ್ಡೂ ಇದೆ. ನನಗೆ ಹೆದರಿಕೆ ಇರುವುದು ಆ ಎರಡೂ ಸೇರಿ ಹುಟ್ಟಿಸುವ ಆತುರದ ಬಗ್ಗೆ. ಹಳೆಯ ಕೋವಿಗಳನ್ನು ತುಕ್ಕಿಗಿಂತ ಹೆಚ್ಚು ಹಾಳು ಮಾಡಿದ್ದು ರಿಪೇರಿ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲನೆಯದು, ಲೀವರ್ ಬಿಗಿದುಕೊಂಡಿದೆ ಅಂದೆಯಲ್ಲ, ಹಾಗಿದ್ದರೆ ಒಳಗೆ ತೋಟೆ ಇದೆಯೋ ಇಲ್ಲವೋ ನಿನಗೆ ಗೊತ್ತಿಲ್ಲ ಎಂದಾಯಿತು. ನೂರು ವರ್ಷದ ಮದ್ದಿಗೂ ಜೀವ ಇರಬಹುದು. ನಳಿಗೆಯ ಬಾಯಿಯಿಂದ ಮುಖ ದೂರವಿಟ್ಟು, ನೆಟ್ಟಗಿನ ಒಂದು ಮರದ ಕಡ್ಡಿಯನ್ನು ಒಳಗೆ ಮೆಲ್ಲಗೆ ಇಳಿಸು. ಅದು ನಿಂತಲ್ಲಿ ಗುರುತು ಹಾಕಿ ಹೊರತೆಗೆದು, ನಳಿಗೆಯ ಪಕ್ಕಕ್ಕೆ ಹಿಡಿದು ನೋಡು. ಕಡ್ಡಿ ನಳಿಗೆಯ ಬುಡ ಮುಟ್ಟದೆ ಬೆರಳುದ್ದ ಮೊದಲೇ ನಿಂತಿದ್ದರೆ ಒಳಗೆ ಏನೋ ಇದೆ. ಆಗ ಕುಟ್ಟಬೇಡ, ತಿವಿಯಬೇಡ, ಎಣ್ಣೆ ಹೊಯ್ದು ಕಾಯಿಸಲೂಬೇಡ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತಿಳಿಸಿ, ಅವರು ಹೇಳಿದಂತೆ ಮಾಡು.

ಎರಡನೆಯದು ಕಾಗದ. ಕೊಡವರಿಗೂ ಜಮ್ಮಾ ಭೂಮಿ ಇರುವವರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಇದೆ, ನಿಜ. ಬ್ರಿಟಿಷ್ ಅಧಿಕಾರಿ ಮಾರ್ಕ್ ಕಬ್ಬನ್ 1861ರಲ್ಲಿ ಕೊಟ್ಟದ್ದು ಒಂದಲ್ಲ ಒಂದು ರೂಪದಲ್ಲಿ ಇಂದಿಗೂ ನಡೆದು ಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿ ಹಿಡಿಯಿತು. ಆದರೆ ವಿನಾಯಿತಿ ಪತ್ರ ಇರುವುದು ಮನುಷ್ಯನ ಹೆಸರಿಗೆ. ಅಜ್ಜ ತೀರಿಕೊಂಡ ಮೇಲೆ ಈ ಕೋವಿ ನಿನ್ನ ಹೆಸರಿಗೆ ಆಗಿದೆಯಾ? ಆ ಪತ್ರದಲ್ಲಿ ಇದೇ ಕೋವಿಯ ನಂಬರ್ ಇದೆಯಾ? ನೋಡಿಕೋ.

ಇನ್ನೊಂದು ಸೂಕ್ಷ್ಮ ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಹಳೆಯ ಕಾಲದ, ಕೆಟ್ಟುಹೋದ ಕೋವಿಗಳನ್ನು ಕಾಯ್ದೆಯಿಂದ ಹೊರಗಿಡುತ್ತದೆ. ಆದರೆ ಒಂದು ಷರತ್ತು ಇದೆ: ರಿಪೇರಿ ಮಾಡಿದರೂ ಮಾಡದಿದ್ದರೂ ಅದು ಗುಂಡು ಹಾರಿಸಲು ಬರುವಂತಿರಬಾರದು. ಅಂದರೆ ನೀನು ಸ್ಪ್ರಿಂಗ್ ಹಾಕಿಸಿ ಅದಕ್ಕೆ ಜೀವ ತರಬಹುದಾದರೆ, ‘ಇದು ಹಳೆಯ ವಸ್ತು ಸ್ವಾಮಿ’ ಎನ್ನುವ ಮಾತು ನಿಲ್ಲುವುದಿಲ್ಲ. ಜತೆಗೆ, ಲೈಸೆನ್ಸ್ ಇಲ್ಲದವರು ಕೋವಿ ರಿಪೇರಿ ವ್ಯವಹಾರ ಮಾಡುವಂತಿಲ್ಲ. ನಿಮ್ಮೂರಿನ ಲೇತ್‌ನವನು ಒಳ್ಳೆಯ ಕೆಲಸಗಾರನೇ ಇರಬಹುದು. ಅವನ ಕೈಗೆ ನಳಿಗೆಯ ಬುಡ ಮುಚ್ಚುವ ಬ್ಲಾಕ್ ಕೊಟ್ಟು ‘ಹೀಗೇ ಒಂದು ಕಡೆದುಕೊಡು’ ಎಂದರೆ ಅವನನ್ನೂ ಕೇಸಿಗೆ ಸಿಕ್ಕಿಸಿದಂತೆ.

ಈಗ ಕೋವಿಗೆ ಬರೋಣ. ಬಿಡಿಭಾಗ ಹುಡುಕುವ ಮೊದಲು ನಿನ್ನ ಕೈಯಲ್ಲಿರುವುದು ಯಾವ ಮಾರ್ಟಿನಿ ಎಂದು ತಿಳಿಯಬೇಕು. ಬ್ರಿಟಿಷ್ ಸೈನ್ಯ ಮಾರ್ಟಿನಿ–ಹೆನ್ರಿಯನ್ನು ಒಪ್ಪಿಕೊಂಡದ್ದು 1871ರಲ್ಲಿ. ಬ್ಲಾಕ್‌ನ ಕಟ್ಟು ಮಾರ್ಟಿನಿಯದು, ನಳಿಗೆಯೊಳಗಿನ ಏಳು ಗೀರಿನ ಸುತ್ತು ಹೆನ್ರಿಯದು. ನಳಿಗೆಯ ಅಳತೆ 0.450 ಇಂಚು. ಬುಡದ ಉಕ್ಕಿನ ಪೆಟ್ಟಿಗೆಯ ಬಲಗಡೆ ಹತ್ತಿಬಟ್ಟೆಯಿಂದ ಮೆಲ್ಲಗೆ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡು. ಮೇಲೊಂದು ಕಿರೀಟ, ಅದರ ಕೆಳಗೆ ‘ವಿ.ಆರ್.’, ಆಮೇಲೆ ತಯಾರಿಸಿದವರ ಹೆಸರು — ಎನ್‌ಫೀಲ್ಡ್ ಇರಬಹುದು, ಬಿ.ಎಸ್.ಎ. ಇರಬಹುದು — ಅದರಡಿ ಇಸವಿ, ಕೊನೆಗೆ ಮಾರ್ಕ್ ಸಂಖ್ಯೆ. ಆ ಇಸವಿಯನ್ನು ಸರಿಯಾಗಿ ಓದು. ಆ ‘ವಿ.ಆರ್.’ ವಿಕ್ಟೋರಿಯಾ ರಾಣಿಯದು, ಅವಳು ತೀರಿಹೋದದ್ದು 1901ರ ಜನವರಿಯಲ್ಲಿ. ‘ವಿ.ಆರ್.’ ಕೆಳಗೆ 1905 ಎಂದೋ 1910 ಎಂದೋ ಇದ್ದರೆ, ಅಥವಾ ಇಂಗ್ಲಿಷ್ ‘ಎನ್’ ಅಕ್ಷರ ತಿರುಗಾಮುರುಗಾ ಇದ್ದರೆ, ಅದು ಎನ್‌ಫೀಲ್ಡ್‌ನದಲ್ಲ. ವಾಯವ್ಯ ಗಡಿಯ ದರ್ರಾ ಕಡೆಯ ಕಮ್ಮಾರರು ಕೈಯಲ್ಲಿ ಕಡೆದ ನಕಲು. ಅವರ ಕೈಕೆಲಸದ ಬಗ್ಗೆ ನನಗೆ ಗೌರವವಿದೆ, ಆದರೆ ಅದಕ್ಕೆ ಕಾರ್ಖಾನೆಯ ಬಿಡಿಭಾಗ ಕೂರುವುದು ಅನುಮಾನ. ಅಕ್ಷರ ನಾಗರಿಯಲ್ಲಿದ್ದರೆ ನೇಪಾಳದ ಕೋವಿ ಇರಬಹುದು. ಅಲ್ಲಿಯ ಗಹೇಂದ್ರ ರೈಫಲ್ ಹೊರಗಿನಿಂದ ಮಾರ್ಟಿನಿಯಂತೆ ಕಂಡರೂ ಒಳಗಿನ ಕಟ್ಟೇ ಬೇರೆ. ಮಾರ್ಟಿನಿಯ ಬ್ಲಾಕಿನೊಳಗೆ ಸುರುಳಿ ಸ್ಪ್ರಿಂಗ್ ಇದ್ದರೆ ಅದರಲ್ಲಿ ಚಪ್ಪಟೆ ಸ್ಪ್ರಿಂಗ್.

ಬಿಡಿಭಾಗದಲ್ಲಿ ದುಡ್ಡು ಕಳೆದುಕೊಳ್ಳುವವರೆಲ್ಲ ಎಡವುವುದು ಇಲ್ಲೇ. ‘ಮಾರ್ಟಿನಿ ಸ್ಪ್ರಿಂಗ್ ಇದೆ’ ಎಂದು ಯಾರೋ ಹೇಳುತ್ತಾರೆ, ಇವರು ಕೊಳ್ಳುತ್ತಾರೆ. ಬಂದದ್ದು ನೋಡಿದರೆ ಆಸ್ಟ್ರೇಲಿಯಾದ ಹುಡುಗರ ತರಬೇತಿಗೆಂದು ಮಾಡಿದ 0.310 ಇಂಚಿನ ಕೆಡೆಟ್ ಮಾರ್ಟಿನಿಯದು. ಅದು ಗಾತ್ರದಲ್ಲೂ ಸಣ್ಣದು, ಒಳಗಿನ ಏರ್ಪಾಡೂ ಬೇರೆ, ದೊಡ್ಡ ಮಾರ್ಟಿನಿಗೆ ಕೂರುವುದೇ ಇಲ್ಲ. ದೊಡ್ಡದರಲ್ಲೂ ನಾಲ್ಕನೇ ಮಾರ್ಕ್‌ನ ಲೀವರ್ ಉದ್ದ, ಪೆಟ್ಟಿಗೆಯ ಬೆನ್ನೂ ಬೇರೆ ಆಕಾರ. ಹಾಗಾಗಿ ಮಾರ್ಕ್ ಸಂಖ್ಯೆ, ವರ್ನಿಯರ್‌ನಲ್ಲಿ ತೆಗೆದ ಅಳತೆ, ಅಳತೆಪಟ್ಟಿ ಪಕ್ಕದಲ್ಲಿಟ್ಟ ಫೋಟೋ ಈ ಮೂರೂ ಇಲ್ಲದೆ ಯಾರ ಹತ್ತಿರವೂ ಬೆಲೆ ಕೇಳಬೇಡ. ಸ್ಕ್ರೂ ಒಂದು ಕಾಣೆಯಾಗಿದೆ ಅಂದೆ. ಹಾರ್ಡ್‌ವೇರ್ ಅಂಗಡಿಯ ಮಿಲಿಮೀಟರ್ ಸ್ಕ್ರೂ ಎರಡು ಸುತ್ತು ಒಳಗೆ ಹೋಗಿ ಕೂತಂತೆ ಅನ್ನಿಸಬಹುದು. ಮೂರನೇ ಸುತ್ತಿಗೆ ಅದು ತೂತಿನೊಳಗಿನ ಹಳೆಯ ತಿರುಪಿನ ಮರೆಯನ್ನೇ ತಿಂದುಹಾಕುತ್ತದೆ. ಆ ಕಾಲದ ಇಂಗ್ಲಿಷ್ ಮರೆಗಳ ಲೆಕ್ಕವೇ ಬೇರೆ. ಸ್ಕ್ರೂ ಇಲ್ಲದ ತೂತು ಪರವಾಗಿಲ್ಲ, ಕೆಟ್ಟ ಮರೆಯ ತೂತಿಗೆ ಮದ್ದಿಲ್ಲ.

ಸಿಗುವುದು ಎಲ್ಲಿ? ಮೊದಲು ಊರಿನಲ್ಲೇ ಹುಡುಕು. ಮಡಿಕೇರಿ, ಮೈಸೂರು ಕಡೆಯ ಲೈಸೆನ್ಸ್ ಇರುವ ಹಳೆಯ ಕೋವಿ ಅಂಗಡಿಗಳಲ್ಲಿ ವಿಚಾರಿಸು. ಅಲ್ಲಿಯ ಹಿರಿಯ ಕೆಲಸಗಾರರ ಡಬ್ಬಗಳಲ್ಲಿ ಸತ್ತ ಕೋವಿಗಳ ಪಿನ್ನು, ಸ್ಕ್ರೂ, ನೋಟದ ಪಟ್ಟಿ ಸಿಗುವುದುಂಟು. ಹೊರದೇಶದಲ್ಲೂ ಇದೆ: ಕಠ್ಮಂಡುವಿನ ಹಳೆಯ ಅರಮನೆಯೊಂದರಲ್ಲಿ ಪೇರಿಸಿಟ್ಟಿದ್ದ ರಾಶಿಗಟ್ಟಲೆ ಕೋವಿಗಳನ್ನು 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಕೊಂಡು ಸಾಗಿಸಿದರು. ಇಂದು ಹಳೆಯ ಮಾರ್ಟಿನಿಯ ಅಸಲಿ ಬಿಡಿಭಾಗಗಳು ಅಮೆರಿಕದಲ್ಲಿ ಸಿಗಲು ಅದೂ ಒಂದು ಕಾರಣ. ನಮ್ಮ ಪಕ್ಕದ ನೇಪಾಳದಲ್ಲಿದ್ದದ್ದನ್ನು ಸಮುದ್ರದಾಚೆ ಹುಡುಕಬೇಕಾಗಿ ಬಂದದ್ದು ನನಗೆ ನೋವಿನ ಸಂಗತಿ. ಆದರೆ ಫೋನಿನಲ್ಲಿ ಆರ್ಡರ್ ಮಾಡಿ ತರಿಸಿಬಿಡಬೇಡ. ನಮ್ಮ ಕಾಯ್ದೆಯಲ್ಲಿ ಕೋವಿಯ ಬಿಡಿಭಾಗವೂ ಶಸ್ತ್ರವೇ. ಅನುಮತಿ ಇಲ್ಲದೆ ಬಂದ ಬ್ಲಾಕ್ ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುತ್ತದೆ, ಹಿಂದೆಯೇ ಪೊಲೀಸರು ಬರುತ್ತಾರೆ.

ತುಕ್ಕು ತೆಗೆಯುವುದು ತಾಳ್ಮೆಯ ಕೆಲಸ. ಕೆಂಪು ತುಕ್ಕನ್ನು ಮಾತ್ರ ತೆಗೆ, ಕಂದುಗಪ್ಪು ಬಣ್ಣಕ್ಕೆ ಕೈ ಹಚ್ಚಬೇಡ. ಆ ಬಣ್ಣ ಉಕ್ಕಿಗೆ ವಯಸ್ಸು ಕೊಟ್ಟ ಹೊದಿಕೆ. ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡು, ಬೆಳಿಗ್ಗೆ ಹಳೆಯ ತಾಮ್ರದ ಕಾಸಿನ ಅಂಚಿನಿಂದ ಉಜ್ಜು. ತಾಮ್ರ ಉಕ್ಕಿಗಿಂತ ಮೆದು, ಹಾಗಾಗಿ ತುಕ್ಕಿನ ಹಕ್ಕಳೆ ಏಳುತ್ತದೆ, ಉಕ್ಕಿಗೆ ಗೀರು ಬೀಳುವುದಿಲ್ಲ. ಮರಳುಕಾಗದ, ಪಾಲಿಶ್ ಚಕ್ರ, ಆಸಿಡ್ ಇವು ಮನೆಯೊಳಗೆ ಬರುವುದೇ ಬೇಡ. ಆ ಚಕ್ರಕ್ಕೆ ಒಮ್ಮೆ ಹಿಡಿದರೆ ಕಿರೀಟವೂ ಇಸವಿಯೂ ಅಳಿಸಿಹೋಗಿ ಉಳಿಯುವುದು ಬರೀ ಹೊಳೆಯುವ ಕಬ್ಬಿಣ. ತೆಂಗಿನೆಣ್ಣೆಯೂ ಬೇಡ. ಡಿಸೆಂಬರಿನ ಚಳಿಗೆ ಅದು ಹೆಪ್ಪುಗಟ್ಟಿ ಸ್ಪ್ರಿಂಗಿನ ಸಂದಿಯಲ್ಲೇ ಕೂರುತ್ತದೆ.

ಸ್ಕ್ರೂ ಬಿಚ್ಚುವುದಾದರೆ ಅದರ ಸೀಳಿಗೆ ಅಗಲದಲ್ಲೂ ದಪ್ಪದಲ್ಲೂ ಸರಿಯಾಗಿ ಕೂರುವಂತೆ ಸ್ಕ್ರೂಡ್ರೈವರಿನ ತುದಿಯನ್ನು ಮೊದಲು ಉಜ್ಜಿಕೋ. ಸಾಧಾರಣ ಸ್ಕ್ರೂಡ್ರೈವರಿನ ತುದಿ ಬೆಣೆಯಾಕಾರ, ತಿರುಗಿಸುತ್ತಿದ್ದಂತೆ ಮೇಲೆದ್ದು ಬಂದು ಸೀಳಿನ ಅಂಚು ಮುರಿಯುತ್ತದೆ. ಜಗ್ಗದಿದ್ದರೆ ಎಣ್ಣೆ ಬಿಟ್ಟು ವಾರ ಕಾಯಿ. ಅದಕ್ಕೂ ಜಗ್ಗದಿದ್ದರೆ, ಕಡ್ಡಿ ಇಳಿಸಿ ನೋಡಿ ನಳಿಗೆ ಖಾಲಿ ಎಂದು ಖಾತ್ರಿಯಾಗಿದ್ದರೆ ಮಾತ್ರ, ಬೆಸುಗೆ ಹಾಕುವ ಬಿಸಿ ಕಡ್ಡಿಯ ತುದಿಯನ್ನು ಸ್ಕ್ರೂವಿನ ತಲೆಗೆ ಒತ್ತಿ ಹಿಡಿ, ಬಿಡು, ಮತ್ತೆ ಹಿಡಿ. ಪೆಟ್ಟಿಗೆಗೆ ಬೆಂಕಿ ತೋರಿಸಬೇಡ. ಬ್ಲಾಕಿನೊಳಗಿನ ಸ್ಪ್ರಿಂಗ್ ಅದುಮಿಕೊಂಡಿರುತ್ತದೆ, ಅದನ್ನು ಬಿಚ್ಚುವ ಕೆಲಸ ಮಾತ್ರ ನೀನು ಮಾಡಬೇಡ.

ಹಿಡಿಯ ಮರ ಅಕ್ರೋಟಿನದು. ಸೀಳಿದ್ದರೆ ಸೀಳಿನೊಳಗೆ ಅಂಟು ಹಾಕಿಸು, ಬೀಟೆಯಲ್ಲಿ ಹೊಸದು ಮಾಡಿಸಬೇಡ. ಅದರ ಬಲಗಡೆ ಕಾರ್ಖಾನೆಯ ದುಂಡು ಮುದ್ರೆ ಇದ್ದರೆ ಅದು ಕೋವಿಯ ಜಾತಕ. ಅಗಸೆ ಎಣ್ಣೆಯನ್ನು ಅಂಗೈಯಲ್ಲಿ ತೆಳ್ಳಗೆ ತಿಕ್ಕಿದರೆ ಸಾಕು.

ಗುಂಡು ಹೊಡೆದು ನೋಡುವ ಆಸೆ ನಿನಗೆ ಹುಟ್ಟೇ ಹುಟ್ಟುತ್ತದೆ. ಬೇಡ. ಅದು ಕರಿಮದ್ದಿನ ಕಾಲದ ನಳಿಗೆ. ಈಗಿನ ಹೊಗೆಯಿಲ್ಲದ ಮದ್ದಿನ ಒತ್ತಡಕ್ಕೆ ಅದು ಒಡೆಯಬಹುದು, ಒಡೆದರೆ ಮೊದಲು ಹೋಗುವುದು ಕಣ್ಣು ಮತ್ತು ಕೈ. ಗಂಡುಮಗು ಹುಟ್ಟಿದಾಗ ಒಂದು, ಸಾವಾದಾಗ ಎರಡು ಎಂದು ಹೊಡೆಯುವುದಕ್ಕೆ ಮನೆಯಲ್ಲಿ ಬೇರೆ ಕೋವಿ ಇದೆ. ಇದಕ್ಕೆ ತೋಕ್‌ಪೂ, ಅದೇ ಕೋವಿಹೂ, ಸಿಕ್ಕಿಸಿ ದೇವರಕೋಣೆಯಲ್ಲಿ ಇಡು, ಲೀವರ್ ಬಿಗಿದುಕೊಂಡಿದ್ದರೂ ಸ್ಕ್ರೂ ಒಂದು ಇಲ್ಲದಿದ್ದರೂ ಪೂಜೆಗೆ ಕೊರತೆಯಿಲ್ಲ.

ಈ ವಾರ ರಜೆ ಹಾಕಿ ಬಾ, ಮೊದಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ಪತ್ರ ನಿನ್ನ ಹೆಸರಿಗೆ ಮಾಡಿಸು. ಬಲಗಡೆಯ ಮುದ್ರೆಗಳ ಫೋಟೋ ನನಗೆ ಕಳಿಸು. ಅಲ್ಲಿಯವರೆಗೆ ಒಂದು ಸ್ಕ್ರೂವನ್ನೂ ತಿರುಗಿಸಬೇಡ, ಮಗಾ.